ನನ್ನ ತಲೆಯೂ ಊರಿನ ನುಸಿಗಳೂ

ವಯಸ್ಸಾಗುತ್ತಾ ಹೋದಂತೆ ಮನುಷ್ಯನ ತಲೆಯ ಮೇಲೆ ಏನಾದರೊಂದು ಬಂದು ಕೂರುತ್ತದೆ. ಕೆಲವರಿಗೆ ರುಮಾಲು, ಕೆಲವರಿಗೆ ಊರಿನ ಹಿರೇತನ, ಕೆಲವರಿಗೆ ಸೊಸೆ. ನನಗೆ ಈ ಮೂರೂ ಒದಗಿ ಬಂದಿಲ್ಲ. ನನ್ನ ತಲೆಯ ಮೇಲಿರುವುದು ನುಸಿ. ಹೇಳಿಕೊಳ್ಳಲು ನಾಚಿಕೆಯೇ, ಆದರೆ ಮುಚ್ಚಿಟ್ಟು ಪ್ರಯೋಜನವಿಲ್ಲ, ಕೊಟ್ಟೂರಿನಲ್ಲಿ ಇದು ಗೊತ್ತಿಲ್ಲದವರೇ ಇಲ್ಲ. ಹೊತ್ತು ಮುಳುಗುವ ಮುಂಚೆ ನಾನು ಮನೆಯಿಂದಾಚೆ ಬಂದು ಎಲ್ಲಾದರೂ ಸುಮ್ಮನೆ ನಿಂತೆನೆಂದರೆ, ನೆತ್ತಿಯ ಮೇಲೆ ಮೊಳದೆತ್ತರದಲ್ಲಿ ನುಸಿಗಳ ದಂಡು ಬಂದು ಕುಣಿಯಲು ಶುರು ಮಾಡುತ್ತದೆ. ನಾನು ನಡೆದರೆ ಅವೂ ನಡೆಯುತ್ತವೆ, ನಿಂತರೆ ನಿಲ್ಲುತ್ತವೆ. ಕಚ್ಚುವುದಿಲ್ಲ, ಮೈಮೇಲೆ ಕೂರುವುದಿಲ್ಲ, ಒಟ್ಟಿನಲ್ಲಿ ನನ್ನಿಂದ ಅವಕ್ಕೆ ಏನೂ ಬೇಕಾಗಿಲ್ಲ. ದೂರದಿಂದ ನೋಡುವವರಿಗೆ ಮಾತ್ರ ನನ್ನ ತಲೆಯಿಂದ ಹೊಗೆ ಏಳುತ್ತಿರುವಂತೆ ಕಾಣುತ್ತದಂತೆ. ನನ್ನ ಹೆಂಡತಿ ಗಂಗಮ್ಮ ಹಡಗಲಿಯವಳು, ಮಲ್ಲಿಗೆಯ ಊರಿನವಳು, ಮಾತು ಮಾತ್ರ ಮೆಣಸಿನಕಾಯಿ. “ಅಷ್ಟು ವರ್ಷ ಹುಡುಗರ ತಲಿ ತಿಂದ್ರಿ. ಈಗ ನಿಮ್ಮ ತಲಿ ತಿನ್ನಾಕ ಇವು ಬಂದಾವ” ಎನ್ನುತ್ತಾಳೆ.

ಅವಳು ಹೇಳುವುದು ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ವರ್ಷಗಳ ವಿಷಯ. ನಿವೃತ್ತನಾದ ವಿಜ್ಞಾನದ ಮೇಷ್ಟ್ರಿಗೆ ಒಂದು ಕಷ್ಟವಿದೆ. ಬೇರೆಯವರಾದರೆ ಟವೆಲಿನಿಂದ ನುಸಿ ಓಡಿಸಿ ಸುಮ್ಮನಾಗುತ್ತಾರೆ, ನನಗೆ ಕಾರಣ ತಿಳಿಯಬೇಕು. ಹಾಗಾಗಿ ಹುಡುಕಿ ಓದಿದೆ, ಓದಿದ್ದು ಸಾಲದೆಂದು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕತ್ತೆತ್ತಿ ನೋಡಿದೆ. ತಿಳಿದದ್ದು ಇಷ್ಟು. ಸಂಜೆ ಬೆಳಕಿನಲ್ಲಿ ಸುತ್ತಮುತ್ತಲಿನ ಎಲ್ಲದಕ್ಕಿಂತ ಎತ್ತರವಾಗಿ, ಎದ್ದು ಕಾಣುವಂತೆ ಯಾವುದಿರುತ್ತದೋ ಅದರ ಮೇಲೆ ನುಸಿಗಳು ಸೇರುತ್ತವೆ. ಕಂಬವಾಗಬಹುದು, ಪೊದೆಯಾಗಬಹುದು, ಎಮ್ಮೆಯಾಗಬಹುದು. ದೇವರು ನನಗೆ ಆರಡಿ ಎತ್ತರ ಕೊಟ್ಟು, ಕೊಟ್ಟ ಕೂದಲನ್ನು ವಾಪಸು ತೆಗೆದುಕೊಂಡಿದ್ದಾನೆ. ಎಮ್ಮೆಗಿಂತ ನಾನೇ ಅನುಕೂಲ ಅನ್ನಿಸಿರಬೇಕು.

ದೂರದಿಂದ ಆ ಗುಂಪು ನಿಂತಲ್ಲೇ ನಿಂತಂತೆ ಕಾಣುತ್ತದೆ. ಒಂದೇ ಒಂದು ನುಸಿಯ ಮೇಲೆ ಕಣ್ಣಿಟ್ಟು ನೋಡಿ, ಅಸಲು ಕಥೆ ಕಾಣುತ್ತದೆ. ಅದು ಜೋರಾಗಿ ಮೇಲಕ್ಕೆ ಹೋಗುತ್ತದೆ, ಇನ್ನೇನು ಗುಂಪು ಬಿಟ್ಟು ತನ್ನ ದಾರಿ ಹಿಡಿಯಿತು ಎನ್ನುವಷ್ಟರಲ್ಲಿ ಯಾರೋ ಕಿವಿ ಹಿಡಿದು ಎಳೆದ ಹಾಗೆ ಗಕ್ಕನೆ ತಿರುಗಿ ನಡುವಿಗೆ ಬರುತ್ತದೆ. ಎಷ್ಟು ದೂರ ಹೋಗಿರುತ್ತದೋ ಅಷ್ಟೇ ರಭಸದಲ್ಲಿ ವಾಪಸು. ಮತ್ತೆ ಎಡಕ್ಕೆ, ಮತ್ತೆ ವಾಪಸು. ನಡುನಡುವೆ ಎರಡು ನುಸಿಗಳು ಎದುರುಬದುರಾಗುತ್ತವೆ. ಒಂದರ ಹಿಂದೆ ಒಂದು ಬಿದ್ದು ಗಿರಗಿರನೆ ಸುತ್ತುತ್ತವೆ. ರೆಕ್ಕೆಯ ಸದ್ದು ಕೇಳಿ, ಓಹೋ, ನೀನೂ ನನ್ನಂಥವನೇ ಏನಪ್ಪಾ ಎಂದು ಗೊತ್ತಾದ ಕೂಡಲೇ ಬಿಟ್ಟು ಬೇರೆಯಾಗುತ್ತವೆ. ಯಾಕೆಂದರೆ ಆ ಗುಂಪಿನಲ್ಲಿರುವುದೆಲ್ಲ ಗಂಡು. ಎಲ್ಲವೂ ಕಾಯುತ್ತಿರುವುದು ಹೆಣ್ಣಿಗಾಗಿ. ಅವಳು ಎಲ್ಲಿಂದಲೋ ಯಾವಾಗಲೋ ಬರುತ್ತಾಳೆ, ಯಾವನೋ ಒಬ್ಬ ಪುಣ್ಯವಂತನ ಜೊತೆ ಗುಂಪಿನಿಂದ ಹೊರಟುಹೋಗುತ್ತಾಳೆ. ಉಳಿದವು ಕತ್ತಲಾಗುವವರೆಗೆ ಕುಣಿದು ಚದುರುತ್ತವೆ. ನಾನು ಅಷ್ಟು ದಿನ ಕೂತು ನೋಡಿದರೂ ಹೆಣ್ಣು ಬಂದದ್ದನ್ನು ಕಣ್ಣಾರೆ ಕಂಡಿಲ್ಲ.

ಇದನ್ನು ಓದಿ ತಿಳಿದ ದಿನ ನನಗೆ ನಗು ಬರಬೇಕಿತ್ತು, ಬರಲಿಲ್ಲ. ಹಗಲು ಹೊತ್ತಿನಲ್ಲಿ ನನ್ನ ತಲೆಯ ಸುತ್ತ ಸೇರುವವರೂ ಇಂಥವರೇ. ನಮ್ಮ ಕಡೆ ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಊರಿಗೇ ಹೋಗಿ, ಮೂವತ್ತು ದಾಟಿದ ಗಂಡುಹುಡುಗರು ಕಟ್ಟೆ ತುಂಬ ಇದ್ದಾರೆ. ದುಡಿಯುತ್ತಾರೆ, ಬೈಕಿದೆ, ಹೊಲವಿದೆ, ಕೆಲವರಿಗೆ ಹೊಸ ಮನೆಯೂ ಇದೆ. ಹೆಣ್ಣು ಮಾತ್ರ ಸಿಗುವುದಿಲ್ಲ. ಇವರಲ್ಲಿ ಅರ್ಧದಷ್ಟು ಹುಡುಗರಿಗೆ ನಾನೇ ಪಾಠ ಹೇಳಿದವನು. ಹಳೆಯ ಮೇಷ್ಟ್ರಿಗೆ ನಾಲ್ಕೂರಿನ ಪರಿಚಯ ಇರುತ್ತದೆ ಎಂಬ ನಂಬಿಕೆಯಿಂದ ಎಲ್ಲಿ ಕಂಡರೂ ಬೈಕು ನಿಲ್ಲಿಸಿ, “ಸಾರ್, ಎಲ್ಲ್ಯರ ಒಂದು ಹೆಣ್ಣಿದ್ರ ನೋಡ್ರಿ” ಎನ್ನುತ್ತಾರೆ. ಇಲ್ಲಪ್ಪ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. “ಒಂದು ಕಡಿ ಐತಿ. ನೋಡೋಣ ತಗೋ” ಎನ್ನುತ್ತೇನೆ. ಯಾವ ಕಡೆ ಎಂದು ನನಗೂ ಗೊತ್ತಿಲ್ಲ. ಆದರೆ ಆ ಮಾತು ಕೇಳಿದ ತಕ್ಷಣ ಹುಡುಗನ ಮುಖದಲ್ಲಿ ಒಂದು ಕಳೆ ಬರುತ್ತದೆ ನೋಡಿ, ಅದನ್ನು ನೋಡುವುದಕ್ಕಾದರೂ ಹೇಳಬೇಕೆನ್ನಿಸುತ್ತದೆ. ಅವನು ಕಿಕ್ ಹೊಡೆದು ಹೋಗುತ್ತಾನೆ, ಇನ್ನೊಬ್ಬ ಬರುತ್ತಾನೆ.

ನನ್ನ ಮಗ ಕೊಟ್ರೇಶನೂ ಇದೇ ಗುಂಪಿನವನು. ಬಸ್ ನಿಲ್ದಾಣದ ಹಿಂದೆ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸ ತಂತಿ ಸುತ್ತುವುದರಲ್ಲಿ ಅವನ ಕೈ ಬಹಳ ಚೆನ್ನಾಗಿದೆ, ಕೂಡ್ಲಿಗಿ ಕಡೆಯಿಂದಲೂ ಮೋಟಾರು ಹೊತ್ತು ತರುತ್ತಾರೆ. ಕುಡಿಯುವುದಿಲ್ಲ, ಜೋರಾಗಿ ಮಾತಾಡುವುದಿಲ್ಲ. ಆದರೆ ಹೆಣ್ಣಿನ ಕಡೆಯವರು ಫೋನಿನಲ್ಲಿ ಹುಡುಗ ಏನು ಮಾಡುತ್ತಾನೆ ಎಂದು ಕೇಳಿದಾಗ ನಾನು ಮೋಟಾರು ಎನ್ನುತ್ತೇನೆ, ಅವರು ಆಮೇಲೆ ಮಾಡುತ್ತೇವೆ ಎಂದು ಇಡುತ್ತಾರೆ. ಆಮೇಲೆ ಮಾಡಿದವರು ಇನ್ನೂ ಯಾರೂ ಇಲ್ಲ. ಪ್ರತಿ ಸಲವೂ ಕೊಟ್ರೇಶ ಏನೂ ಕೇಳದೆ ನನ್ನ ಮುಖ ನೋಡುತ್ತಾನೆ. ನಾನು, “ಇನ್ನೊಂದು ಕಡಿ ಐತಿ ಬಿಡಪ್ಪಾ, ನೋಡೋಣ” ಎನ್ನುತ್ತೇನೆ. ಅವನು ತಲೆಯಾಡಿಸಿ ಅಂಗಡಿಗೆ ಹೋಗುತ್ತಾನೆ. ಅವನ ಬೆನ್ನು ಮರೆಯಾಗುವವರೆಗೆ ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ಇಂಥದ್ದರಲ್ಲಿ ಹರಪನಹಳ್ಳಿಯಿಂದ ಒಂದು ಫೋನು ಬಂತು. ಹೆಣ್ಣಿನ ದೊಡ್ಡಪ್ಪ ವೀರಭದ್ರಪ್ಪ ಎಂಬವರು, ಭಾನುವಾರ ಮನೆ ನೋಡಲು ಬರುತ್ತೇವೆ ಎಂದರು. ಗಂಗಮ್ಮ ಫೋನಿಗೇ ಕೈ ಮುಗಿದಳು. ಈಗಿನ ಪದ್ಧತಿ ನಿಮಗೆ ಗೊತ್ತಿರಬಹುದು. ನಮ್ಮ ಕಾಲದಲ್ಲಿ ಗಂಡಿನವರು ಹೆಣ್ಣು ನೋಡಲು ಊರೂರು ತಿರುಗಿ ಉಪ್ಪಿಟ್ಟು ತಿಂದು ಬರುತ್ತಿದ್ದೆವು. ಈಗ ಹೆಣ್ಣಿನವರು ಗಾಡಿ ಮಾಡಿಕೊಂಡು ಗಂಡು ನೋಡುತ್ತಾ ತಿರುಗುತ್ತಾರೆ, ಹುಡುಗಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬರುತ್ತಾರೆ. ಇವರು ಬೆಳಿಗ್ಗೆ ಹೊರಟು ಹಡಗಲಿಯಲ್ಲಿ ಒಬ್ಬನನ್ನು, ಹಗರಿಬೊಮ್ಮನಹಳ್ಳಿಯಲ್ಲಿ ಸರ್ಕಾರಿ ನೌಕರಿಯ ಇನ್ನೊಬ್ಬನನ್ನು ನೋಡಿಕೊಂಡು, ಊರಿಗೆ ಮರಳುವ ದಾರಿಯಲ್ಲಿ ನಮ್ಮಲ್ಲಿಗೆ ಬರುವವರಿದ್ದರು. ನಾವು ಪಟ್ಟಿಯ ಕೊನೆಯವರು ಎಂಬುದು ಅವಮಾನವಲ್ಲ, ಅಷ್ಟರ ಮಟ್ಟಿಗಾದರೂ ಇದ್ದೇವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಕೊನೆಯವರು ಎಂದರೆ ಬರುವ ಹೊತ್ತು ಸಂಜೆ. ಸಂಜೆ ಎಂದರೆ ನುಸಿ.

“ನೀವು ಅವತ್ತು ಹೊರಗ ಬರಬ್ಯಾಡ್ರಿ” ಎಂದಳು ಗಂಗಮ್ಮ.

“ಗಂಡಿನ ಅಪ್ಪ ಒಳಗ ಅಡಗಿ ಕುಂತ್ರ ಏನಂತಾರ?”

“ಹೊರಗ ಬಂದು ಹುಳ ಆಡಿಸ್ಕೊಂತ ನಿಂತ್ರ ಏನಂತಾರ, ಅದನ್ನ ಹೇಳ್ರಿ.”

ಇಲ್ಲಿ ನನ್ನ ವಿಜ್ಞಾನ ಎದ್ದು ನಿಂತಿತು. ಅಂಗಳದಲ್ಲಿ ನನಗಿಂತ ಎತ್ತರವಾಗಿ, ನನ್ನ ತಲೆಗಿಂತ ಚೆನ್ನಾಗಿ ಕಾಣುವಂಥ ಒಂದು ವಸ್ತುವನ್ನು ನಿಲ್ಲಿಸಿದರೆ ನುಸಿಗಳು ಅದರ ಮೇಲೆ ಸೇರುತ್ತವೆ, ನಾನು ಬಚಾವಾಗುತ್ತೇನೆ. ಅಟ್ಟದಲ್ಲಿದ್ದ ಒಂದು ಕರೀ ಗಡಿಗೆಯನ್ನು ಬಿದಿರಿನ ಗಳುವಿನ ತುದಿಗೆ ಬೋರಲು ಹಾಕಿ, ಶನಿವಾರ ಗೇಟಿನ ಪಕ್ಕ ನೆಟ್ಟೆ. ಸಂಜೆಗೆ ನೋಡಿದರೆ ನನ್ನ ಲೆಕ್ಕಾಚಾರ ಒಂದಿಷ್ಟೂ ತಪ್ಪಿರಲಿಲ್ಲ. ಗಡಿಗೆಯ ಮೇಲೆ ನುಸಿಗಳ ಕಂಬವೇ ಎದ್ದಿತ್ತು. ನನ್ನ ತಲೆಯ ಮೇಲೆ ಒಂದೂ ಇರಲಿಲ್ಲ. ಬಹಳ ದಿನಗಳ ಮೇಲೆ ಹಗುರಾಗಿ ಓಡಾಡಿದೆ. ಕೊಟ್ರೇಶ ಅಂಗಡಿಯಿಂದ ಬಂದವನು ನೋಡಿ, “ಚಲೋ ಐಡಿಯಾ ಅಪ್ಪಾಜಿ” ಎಂದ. ಅವನು ನನ್ನನ್ನು ಹೊಗಳಿದ್ದು ಯಾವ ಕಾಲದ ಮಾತೋ, ನನಗೆ ಎದೆ ಉಬ್ಬಿತು.

ಗಂಗಮ್ಮನಿಗೆ ಮಾತ್ರ ಗಡಿಗೆ ಹಿಡಿಸಲಿಲ್ಲ. ಶುಭಕಾರ್ಯಕ್ಕೆ ಜನ ಬರುವ ಹೊತ್ತಿನಲ್ಲಿ ಬಾಗಿಲೆದುರು ಬರೀ ಕರೀ ಗಡಿಗೆ ಬೋರಲು ಹಾಕುವುದು ಒಳ್ಳೆಯದಲ್ಲ ಎಂಬುದು ಅವಳ ವಾದ. ಭಾನುವಾರ ನಾನು ಕ್ಷೌರಕ್ಕೆ ಹೋಗಿ ಬರುವಷ್ಟರಲ್ಲಿ ಗಳು ಇಳಿಸಿ, ಗಡಿಗೆಗೆ ಸುಣ್ಣದ ಬೊಟ್ಟು ಇಟ್ಟು, ಕಣ್ಣು ಮೂಗು ಬರೆದು, ಕೋರೆಹಲ್ಲು ಹಾಕಿ, ಮತ್ತೆ ನಿಲ್ಲಿಸಿದ್ದಳು. ಬೊಟ್ಟಿಟ್ಟ ಕರೀ ಗಡಿಗೆ ಎಂದರೆ ಏನೆಂದು ನಮ್ಮ ಕಡೆಯ ಕೂಸಿಗೂ ಗೊತ್ತು. ಕಟ್ಟುತ್ತಿರುವ ಮನೆಗೆ, ಫಲಕ್ಕೆ ಬಂದ ಹೊಲಕ್ಕೆ ಕೆಟ್ಟ ಕಣ್ಣು ತಾಗದಿರಲೆಂದು ನಿಲ್ಲಿಸುವ ದೃಷ್ಟಿಗಡಿಗೆ ಅದು. ನನಗೆ ಅದು ನುಸಿ ಹಿಡಿಯುವ ಉಪಾಯವಾಗಿಯೇ ಕಂಡಿತು, ಅವಳಿಗೆ ಅಂದವಾದ ಗಡಿಗೆಯಾಗಿ ಕಂಡಿತು. ಬರುವವರಿಗೆ ಏನಾಗಿ ಕಾಣಬಹುದೆಂದು ಇಬ್ಬರೂ ಯೋಚಿಸಲಿಲ್ಲ.

ಅವರು ಬಂದದ್ದು ಸರಿಯಾಗಿ ನುಸಿ ಏಳುವ ಹೊತ್ತಿಗೆ. ಗಾಡಿಯಿಂದ ಮೊದಲು ಇಳಿದವರು ವೀರಭದ್ರಪ್ಪ. ನನಗಿಂತ ಎತ್ತರದ ಆಳು, ತಲೆಗೆ ಸುತ್ತಿದ ಬೆಳ್ಳನೆಯ ದೊಡ್ಡ ರುಮಾಲು. ಅವರ ಹಿಂದೆ ಹುಡುಗಿಯ ಅಜ್ಜಿ, ಕಣ್ಣು ಬಹಳ ಚುರುಕು. ಅಜ್ಜಿ ಗೇಟಿನಲ್ಲೇ ನಿಂತು ಗಡಿಗೆ ನೋಡಿದರು, ಆಮೇಲೆ ಮನೆ ನೋಡಿದರು, ಮತ್ತೆ ಗಡಿಗೆ ನೋಡಿದರು. ನಾನು ಬನ್ನಿ ಬನ್ನಿ ಎಂದು ಕರೆದು ಪಡಸಾಲೆಯಲ್ಲಿ ಕೂರಿಸಿದೆ. ಗಂಗಮ್ಮ ನೀರು ಕೊಟ್ಟು ಒಳಗೆ ಮೆಣಸಿನಕಾಯಿ ಎಣ್ಣೆಗೆ ಬಿಟ್ಟಳು. ಮನೆ ನೋಡಲು ಬಂದವರ ಮನಸ್ಸು ತಿಳಿಯಲು ನಮ್ಮಲ್ಲಿ ಬಾಯಿಬಿಟ್ಟು ಕೇಳಬೇಕಾಗಿಲ್ಲ. ಚಹಾ ಮಾತ್ರ ಕುಡಿದು ಎದ್ದರೆ ಸಂಬಂಧ ಬೇಡ ಎಂದು ಅರ್ಥ, ಮಂಡಕ್ಕಿ ಮಿರ್ಚಿಗೆ ಕೈ ಹಾಕಿದರೆ ವಿಚಾರ ಮಾಡುತ್ತೇವೆ ಎಂದು, ಊಟಕ್ಕೆ ಕೂತರೆ ಆಯಿತೆಂದೇ ತಿಳಿಯಬಹುದು. ಹಾಗಾಗಿ ಗಂಗಮ್ಮ ಚಹಾ ಕೊಡುವ ಮುಂಚೆಯೇ ಮಿರ್ಚಿ ತಂದಿಡುವ ಉಪಾಯ ಮಾಡಿದ್ದಳು. ಕೊಟ್ರೇಶ ಹೊಸ ಅಂಗಿ ತೊಟ್ಟು ಬಾಗಿಲ ಬಳಿ ನಿಂತಿದ್ದ. ಉಗುರಿನ ಸಂದಿಯ ಗ್ರೀಸು ತೆಗೆಯಲು ಬೆಳಿಗ್ಗೆಯಿಂದ ಕೈ ತಿಕ್ಕಿ ತಿಕ್ಕಿ ಕೆಂಪಗೆ ಮಾಡಿಕೊಂಡಿದ್ದ.

ಮಿರ್ಚಿ ಬಂತು. ವೀರಭದ್ರಪ್ಪ ತಟ್ಟೆಯ ಕಡೆ ಕೈ ಚಾಚಿದರು. ಅಷ್ಟರಲ್ಲಿ ಅಜ್ಜಿ, “ತಡಿಯಪ್ಪಾ” ಎಂದರು. ಚಾಚಿದ ಕೈ ಅಲ್ಲೇ ನಿಂತಿತು.

“ಮನಿ ಹಳೇದೈತಿ, ಗಡಿಗಿ ಹೊಸದಾಗಿ ಕಟ್ಟೀರಿ. ಏನಾಗೇತ್ರಿ ಮನ್ಯಾಗ?” ಎಂದು ಅಜ್ಜಿ ನನ್ನನ್ನೇ ಕೇಳಿದರು.

“ಏನೂ ಆಗಿಲ್ರಿ. ಅದು ದೃಷ್ಟಿಗಲ್ಲ” ಎಂದೆ.

“ಬೊಟ್ಟು ಇಟ್ಟೀರಲ್ರಿ. ದೃಷ್ಟಿಗಲ್ಲಂದ್ರ ಮತ್ತ ಯಾತಕ್ಕ?”

ಈ ಜಾಗದಲ್ಲಿ ಬುದ್ಧಿಯಿದ್ದವನು, ಹೌದ್ರಿ ಅಜ್ಜಿ, ಮನೆಯಲ್ಲಿ ಚಿನ್ನದಂಥ ಹುಡುಗನಿದ್ದಾನೆ, ಯಾರ ಕಣ್ಣೂ ಬೀಳದಿರಲಿ ಎಂದು ಹೇಳಿ ಮಿರ್ಚಿ ತಟ್ಟೆ ಮುಂದೆ ಸರಿಸುತ್ತಿದ್ದ. ಆ ಮಾತು ನನಗೆ ಹೊಳೆಯಿತು, ಆದರೆ ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ. ಆ ಕ್ಷಣದಲ್ಲಿ ನನಗೆ ಕಂಡದ್ದು ಒಂದು ತರಗತಿ, ಒಂದು ಪ್ರಶ್ನೆ. ಎದ್ದು, ಬನ್ನಿ ತೋರಿಸುತ್ತೇನೆ ಎಂದು ಎಲ್ಲರನ್ನೂ ಗಡಿಗೆಯ ಹತ್ತಿರ ಕರೆದುಕೊಂಡು ಹೋದೆ. ನುಸಿಗಳು ಚೆನ್ನಾಗಿ ಎದ್ದಿದ್ದವು. ಬಾಗಿಲಿನಿಂದ ಗಂಗಮ್ಮ ಕಣ್ಣು ಬಿಟ್ಟಳು, ಕೆಮ್ಮಿದಳು, ಸೆರಗಿನಿಂದ ಗಾಳಿ ಹಾಕಿದಳು. ಪಾಠ ಶುರುವಾದ ಮೇಲೆ ಗಂಟೆ ಹೊಡೆಯುವವರೆಗೆ ನಿಲ್ಲಿಸುವುದು ನನಗೆ ಗೊತ್ತಿಲ್ಲ.

“ನೋಡ್ರಿ ಇಲ್ಲಿ. ಒಂದೊಂದೂ ಹೊರಗ ಹೋಕ್ಕತಿ, ಮತ್ತ ನಡುವಕ್ಕ ಬರತೈತಿ. ಎರಡು ಭೇಟಿ ಆಗತಾವ, ಬಿಟ್ಟು ಹೋಗತಾವ. ಯಾಕ? ಇವೆಲ್ಲ ಗಂಡು.”

“ಎಲ್ಲಾವೂ?” ಎಂದರು ವೀರಭದ್ರಪ್ಪ. ಅವರಿಗೆ ನಿಜಕ್ಕೂ ಆಸಕ್ತಿ ಹುಟ್ಟಿತ್ತು, ಕತ್ತೆತ್ತಿ ಗಡಿಗೆಯ ಕೆಳಗೇ ಬಂದು ನಿಂತರು.

“ಎಲ್ಲಾವೂ. ಹೆಣ್ಣಿಗೆ ಕಾಯಾಕತ್ತಾವ.”

“ಸಿಗತೈತೇನು?” ಎಂದರು ಅಜ್ಜಿ.

“ಎಲ್ಲೋ ಒಂದಕ್ಕ ಸಿಗತೈತ್ರಿ.”

“ಸಿಗದಾವು?”

“ಹಿಂಗ ಸುತ್ತಿ ಸುತ್ತಿ ಸಾಯತಾವ” ಎಂದೆ. ವಿಜ್ಞಾನದಲ್ಲಿ ಸುಳ್ಳು ಹೇಳಬಾರದು ಎಂದು ಮಕ್ಕಳಿಗೆ ಹೇಳಿಕೊಟ್ಟವನು ನಾನು.

ಅಜ್ಜಿ ಗಡಿಗೆಯನ್ನು ನೋಡಿ, ಬಾಗಿಲಲ್ಲಿ ಕೆಂಪು ಕೈ ಕಟ್ಟಿಕೊಂಡು ನಿಂತಿದ್ದ ಕೊಟ್ರೇಶನನ್ನು ನೋಡಿ, ಮೆಲ್ಲಗೆ ಮಗನಿಗೆ ಹೇಳಿದರು. “ನಡಿಯಪ್ಪಾ. ಈ ಮನ್ಯಾಗ ಹುಳಕ್ಕೂ ಹೆಣ್ಣು ಸಿಗವಲ್ದು.”

ಮೆಲ್ಲಗೆ ಹೇಳಿದ್ದು ನಿಜ, ಆದರೆ ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿಸಿತು. ನಿಂತುಕೊಂಡೇ ಚಹಾ ಕುಡಿದರು. ವೀರಭದ್ರಪ್ಪ ಒಳ್ಳೆಯವರು, ಹೊರಡುವಾಗ ನನ್ನ ಎರಡೂ ಕೈ ಹಿಡಿದು ಹೋಗಿ ಬರುತ್ತೇವೆ ಎಂದರು. ಆಗ ಇನ್ನೊಂದು ಸಂಗತಿ ನಡೆಯಿತು. ಅವರ ರುಮಾಲು ಬೆಳ್ಳಗೆ, ದೊಡ್ಡದಾಗಿ, ಗಡಿಗೆಯ ಪಕ್ಕದಲ್ಲೇ ಇತ್ತಲ್ಲ, ಅವರು ಗೇಟಿನ ಕಡೆ ನಡೆದಾಗ ನುಸಿಗಳ ಗುಂಪಿನಲ್ಲಿ ಅರ್ಧ ಗಡಿಗೆ ಬಿಟ್ಟು ಅವರ ಹಿಂದೆ ಹೊರಟಿತು. ಗಾಡಿಯ ಬಾಗಿಲವರೆಗೂ ಹೋಗಿ ಬೀಳ್ಕೊಟ್ಟಿತು. ನಮ್ಮ ಮನೆಯ ಕಡೆಯಿಂದ ಮರ್ಯಾದೆಯಿಂದ ನಡೆದುಕೊಂಡದ್ದು ಅವಷ್ಟೇ. ಒಳಗೆ ಬಂದಾಗ ಮಿರ್ಚಿ ತಟ್ಟೆ ಹಾಗೇ ಇತ್ತು. ಗಂಗಮ್ಮ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡು, ಎಣ್ಣೆಯ ಹೊಗೆ ಎಂದಳು. ಕೊಟ್ರೇಶ ಹೊಸ ಅಂಗಿ ಬಿಚ್ಚಿ ಮಡಚಿಟ್ಟು, ಗಳುವಿನಿಂದ ಗಡಿಗೆ ಇಳಿಸಿ ಅಟ್ಟಕ್ಕೆ ಹಾಕಿದ. ನಾನು ಅವನ ಹತ್ತಿರ ಹೋಗಿ ನಿಂತೆ. “ಇರಲಿ ಬಿಡಪ್ಪಾ. ಇನ್ನೊಂದು ಕಡಿ ಐತಿ” ಎಂದೆ. “ಹೂಂ” ಎಂದ.

ಆಮೇಲೆ ಕೆಲವು ದಿನ ನಮ್ಮ ಮನೆಯಲ್ಲಿ ಯಾರೂ ನುಸಿಯ ಹೆಸರೆತ್ತಲಿಲ್ಲ. ನುಸಿಗಳು ಮಾತ್ರ ಸಂಜೆ ಸಂಜೆಗೆ ನನ್ನ ತಲೆಗೆ ವಾಪಸು ಬಂದವು. ಒಂದು ದಿನ ಮೂವರೂ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿರುವಾಗ ಫೋನು ಬಡಿಯಿತು. ಹರಪನಹಳ್ಳಿಯ ವೀರಭದ್ರಪ್ಪ. ಗಂಗಮ್ಮ ಕಪ್ಪು ಕೆಳಗಿಟ್ಟು, ಗೋಡೆಯ ಮೇಲಿನ ಬಸವೇಶ್ವರಸ್ವಾಮಿಯ ಫೋಟೋಕ್ಕೆ ಕೈ ಮುಗಿದು ಕಣ್ಣು ಮುಚ್ಚಿದಳು. ಎಲ್ಲರಿಗೂ ಕೇಳಲೆಂದು ನಾನು ಸ್ಪೀಕರ್ ಹಾಕಿದೆ. ಮನುಷ್ಯನಿಗೆ ಕೆಟ್ಟ ಕಾಲ ಬಂದಾಗ ಇಂಥ ಬುದ್ಧಿಗಳೇ ಹುಟ್ಟುತ್ತವೆ.

“ಮೇಷ್ಟ್ರೇ, ಅವತ್ತಿನಿಂದ ನನ್ನ ರುಮಾಲಿನ ಮ್ಯಾಲೂ ಆ ಹುಳ ಆಡಾಕತ್ತಾವ ನೋಡ್ರಿ” ಎಂದು ವೀರಭದ್ರಪ್ಪ ನಕ್ಕರು. ಅವು ನಮ್ಮವಲ್ಲ, ನಿಮ್ಮ ಊರಿನವೇ, ಮೊದಲೂ ಇದ್ದವು, ಈಗ ನಿಮ್ಮ ಕಣ್ಣಿಗೆ ಬಿದ್ದಿವೆ ಅಷ್ಟೆ ಎಂದೆ. ಹುಡುಗಿಯನ್ನು ಹಗರಿಬೊಮ್ಮನಹಳ್ಳಿಯ ನೌಕರಿಯವನಿಗೆ ಕೊಡುವುದೆಂದು ಮಾತಾಯಿತು, ನೀವು ತಪ್ಪು ತಿಳಿಯಬಾರದು ಎಂದರು. ತಿಳಿಯುವುದಿಲ್ಲ ಎಂದೆ. ಗಂಗಮ್ಮ ಕಣ್ಣು ತೆರೆದು ಕಪ್ಪು ಎತ್ತಿಕೊಂಡಳು. ಆದರೂ ಅವರು ಫೋನು ಇಡಲಿಲ್ಲ. ದನಿ ತಗ್ಗಿಸಿದರು.

“ಮೇಷ್ಟ್ರೇ, ನಿಮಗ ನಾಕೂರು ಪರಿಚಯ ಅಂತ ಕೇಳೇನಿ. ನನ್ನ ಸ್ವಂತ ಮಗ ಒಬ್ಬ ಅದಾನ್ರಿ. ಅಡಿಕಿ ಎಲಿ ವ್ಯಾಪಾರ ಮಾಡ್ತಾನ. ಹುಡುಗ ಬಂಗಾರ. ವಯಸ್ಸು ಆಗಾಕತ್ತೈತಿ. ನಿಮ್ಮ ಕಡಿ ಎಲ್ಲ್ಯರ ಒಂದು ಹೆಣ್ಣಿದ್ರ...”

ಆ ದನಿ ನನಗೆ ಚೆನ್ನಾಗಿ ಗೊತ್ತು. ಕೊಟ್ರೇಶನಿಗೆ ಹೆಣ್ಣು ಕೇಳಲು ಫೋನು ಎತ್ತಿಕೊಂಡಾಗ ನಾನೂ ಹಾಗೇ ದನಿ ತಗ್ಗಿಸುತ್ತೇನೆ. ರುಮಾಲು ಕಳಚಿ ಪಕ್ಕಕ್ಕಿಟ್ಟು, ಬರಿದಲೆಯಲ್ಲಿ ಕೂತು ಆ ಮನುಷ್ಯ ಮಾತಾಡುತ್ತಿದ್ದಾರೆ ಎನ್ನಿಸಿತು. ಇಲ್ರೀ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

“ಒಂದು ಕಡಿ ಐತ್ರಿ. ನೋಡೋಣ ತಗೋರಿ” ಎಂದೆ.

“ಬಾಳ ಉಪಕಾರ ಆತ್ರಿ” ಎಂದರು. ದನಿಯಲ್ಲೇ ಆ ಕಳೆ ಬಂದದ್ದು ಕೇಳಿಸಿತು. ಫೋನು ಇಟ್ಟೆ. ಇಟ್ಟ ಮೇಲೆ ನೋಡಿದರೆ ಕೊಟ್ರೇಶ ನನ್ನನ್ನೇ ನೋಡುತ್ತಿದ್ದ. ಸಿಟ್ಟಿರಲಿಲ್ಲ. ಸುಟ್ಟ ಮೋಟಾರು ಬಿಚ್ಚಿ ಒಳಗೆ ಎಲ್ಲಿ ಕೆಟ್ಟಿದೆ ಎಂದು ಕಂಡುಹಿಡಿದಾಗ ಅವನ ಮುಖ ಹೀಗೇ ಆಗುತ್ತದೆ.

“ಎಲ್ಲಾರಿಗೂ ಇದೇ ಮಾತು ಹೇಳ್ತೀರೇನು ಅಪ್ಪಾಜಿ?” ಎಂದ.

ಉತ್ತರಕ್ಕೆ ಅವನು ಕಾಯಲಿಲ್ಲ. ಚಹಾದ ಕಪ್ಪು ತೊಳೆದಿಟ್ಟು, ಅಂಗಡಿಯಲ್ಲಿ ಒಂದು ಮೋಟಾರು ಅರ್ಧಕ್ಕೆ ನಿಂತಿದೆ ಎಂದು ಹೇಳಿ ಹೋದ. ಅವನು ಹೀಗೆ ಹೊರಟಾಗ ಹೇಳಲು ಇಷ್ಟು ವರ್ಷ ನನ್ನ ಹತ್ತಿರ ಒಂದು ಮಾತಾದರೂ ಇತ್ತು. ಇನ್ನು ಮೇಲೆ ಅದೂ ನಡೆಯುವುದಿಲ್ಲ.

ಎದ್ದು ಅಂಗಳಕ್ಕೆ ಬಂದೆ. ಗಡಿಗೆ ತೆಗೆದ ಗಳು ಗೋಡೆಗೆ ಒರಗಿತ್ತು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಗುಂಯ್ ಎನ್ನುವ ಸದ್ದು ಶುರುವಾಯಿತು. ಅಂದು ಟವೆಲು ಬೀಸಲು ಮನಸ್ಸಾಗಲಿಲ್ಲ. ಕತ್ತೆತ್ತಿ ನೋಡಿದೆ. ಒಂದೊಂದೂ ಹೊರಗೆ ಹೋಗುತ್ತಿತ್ತು, ವಾಪಸು ಬರುತ್ತಿತ್ತು. ಪಾಪ ಎನ್ನಿಸಿತು. ಅಭ್ಯಾಸ ಹೋಗಬೇಕಲ್ಲ, “ಒಂದು ಕಡಿ ಐತಿ...” ಎಂದು ಬಾಯಿ ತೆರೆದೆ. ಒಂದು ನುಸಿ ನೇರ ಗಂಟಲಿಗೆ ಹೋಯಿತು. ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿದೆ.

“ಏನಾತ್ರಿ?” ಎಂದು ಗಂಗಮ್ಮ ಒಳಗಿನಿಂದ ಕೂಗಿದಳು.

“ಏನಿಲ್ಲ” ಎಂದೆ. “ಕಾಯೋರೊಳಗ ಒಬ್ಬ ಕಡಿಮಿ ಆದ.”